ನೆಲಕ್ಕೆ ಸವಕಳಿ ಇಲ್ಲ

ಜನವರಿಯ ಒಂದು ಬೆಳಿಗ್ಗೆ ಲಿಸ್ಲ್‌ನ ನಮ್ಮ ಮನೆಯ ಮುಂದೆ ಹಿಮ ಸರಿಸುವ ಲಾರಿ ಹಾದುಹೋಯಿತು. ಅದರ ಹಿಂಬದಿಯಿಂದ ಉಪ್ಪಿನ ಹರಳು ರಸ್ತೆಯ ಮೇಲೆಲ್ಲ ಚಿಮ್ಮುತ್ತಿತ್ತು. ಆ ವರ್ಷ ಊರಿನಿಂದ ಬಂದಿದ್ದ ಆಯಿ ಕಿಟಕಿಯಲ್ಲಿ ನಿಂತು ನೋಡಿ ಕಂಗಾಲಾದಳು. “ಇಷ್ಟೆಲ್ಲ ಉಪ್ಪು ರಸ್ತೆಗೆ ಚೆಲ್ತಾರಾ? ಉಪ್ಪು ತುಳಿಯೂಕಾಗ ತಮಾ!” ಹಿಮ ಕರಗಲೆಂದು ಹಾಕುತ್ತಾರೆ ಎಂದು ಎಷ್ಟು ಹೇಳಿದರೂ ಆ ದಿನ ಸಂಜೆಯವರೆಗೆ ಅವಳು ಹೊಸ್ತಿಲು ದಾಟಲಿಲ್ಲ.

ಅವಳ ಸಂಕಟ ಅರ್ಥವಾಗಬೇಕಾದರೆ ನಮ್ಮೂರು ಗೊತ್ತಿರಬೇಕು. ಗೋಕರ್ಣವೆಂದರೆ ನಿಮಗೆ ಮಹಾಬಲೇಶ್ವರ, ಓಂ ಬೀಚು ನೆನಪಾದೀತು. ಅದರ ಪಕ್ಕದಲ್ಲೇ ಅಘನಾಶಿನಿಯ ಹಿನ್ನೀರಿಗೆ ಅಂಟಿಕೊಂಡು ನಮ್ಮ ಸಾಣಿಕಟ್ಟಾ ಇದೆ. ನನ್ನ ಬಾಲ್ಯದಲ್ಲಿ ಕೊಂಕಣ ರೈಲು ಇರಲಿಲ್ಲ. ಹೆದ್ದಾರಿಯ ಮಾದನಗೇರಿಯಲ್ಲಿ ತಿರುಗಿ ಬರುವ ಬಸ್ಸು ತಪ್ಪಿದರೆ, ತದಡಿಯಲ್ಲಿ ದೋಣಿ ಹತ್ತಿ ಹೊಳೆ ದಾಟಿ ಕುಮಟೆಯ ಕಡೆಗೆ ಹೋಗಬೇಕು. ಮಳೆಗಾಲದಲ್ಲಿ ಅದೂ ನೆಚ್ಚಿಗೆಯಲ್ಲ.

ಮಳೆ ಮುಗಿದು ಬಿಸಿಲು ಬಲಿತಿತೆಂದರೆ ಊರಿಗೆ ಉಪ್ಪಿನ ಕೆಲಸ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ದಪ್ಪಗಾಗಿಸಿ, ಕೊನೆಗೆ ತುಳಿದು ಗಟ್ಟಿ ಮಾಡಿದ ಆಗರದಲ್ಲಿ ನಿಲ್ಲಿಸುತ್ತಾರೆ. ಹರಳು ಕಟ್ಟಿದ ಮೇಲೆ ಮರದ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಯಾವ ನೀರು ಎಷ್ಟು ಹೊತ್ತು ನಿಲ್ಲಬೇಕೆಂಬುದು ಆಗೇರರಿಗೆ ಪಾದದಿಂದಲೇ ತಿಳಿಯುತ್ತದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾಯದೆ ಮುರಿದಾಗ ನನ್ನ ಅಜ್ಜ ಹುಡುಗ. ಗಂಗಾವಳಿ ದಾಟಿ ನಡೆದೇ ಹೋಗಿದ್ದನಂತೆ. “ಉಪ್ಪು ಮಾಡುವುದು ನಮಗೇನು ಹೊಸದೇ? ಆದರೆ ಹೇಳಿ ಮಾಡಿದ್ದು ಅದೇ ಮೊದಲು” ಎಂದು ನಗುತ್ತಿದ್ದ. 1952ರಲ್ಲಿ ಆಗರದ ಮಾಲೀಕರು ಸೇರಿ ನಾಗರಬೈಲ್ ಉಪ್ಪು ಮಾಲೀಕರ ಸಹಕಾರಿ ಸಂಘ ಕಟ್ಟಿಕೊಂಡರು.

ನಮಗೆ ಆಗರವಿರಲಿಲ್ಲ. ಎರಡು ಎಕರೆ ಗಜನಿ ಇತ್ತು. ಗಜನಿಯೆಂದರೆ ಹಿನ್ನೀರಿನ ಗದ್ದೆ. ಮಳೆಗಾಲದಲ್ಲಿ ಸಿಹಿನೀರು ನೆಲದ ಉಪ್ಪನ್ನು ತೊಳೆದಾಗ ಕಗ್ಗ ಭತ್ತ ಬಿತ್ತಬೇಕು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ ಅದು. ಕೊಯ್ಲಾದ ಮೇಲೆ ತೂಬು ತೆರೆದರೆ ಉಬ್ಬರದ ಜೊತೆ ಮೀನು, ಶೆಟ್ಲಿ ತಾವಾಗಿಯೇ ಬರುತ್ತವೆ. ಗದ್ದೆಯ ಕೂಳೆ ಅವಕ್ಕೆ ಮೇವು. ಗೊಬ್ಬರ, ಔಷಧಿ ಯಾವುದೂ ಬೇಡ. ಆದಾಯ ಮಾತ್ರ ಅಷ್ಟಕ್ಕಷ್ಟೆ.

1994ರಲ್ಲಿ ನಾನು ಕುಮಟೆಯಲ್ಲಿ ಬಿ.ಕಾಂ. ಓದುತ್ತಿದ್ದೆ. ಕರಾವಳಿಯ ಉದ್ದಕ್ಕೂ ಟೈಗರ್ ಸಿಗಡಿಯ ಹುಚ್ಚು. ಗಜನಿಯನ್ನು ಗುತ್ತಿಗೆಗೆ ಕೊಡುತ್ತೀರಾ ಎಂದು ಕೇಳಿಕೊಂಡು ಒಬ್ಬರು ಮನೆಗೆ ಬಂದರು. ಅಪ್ಪ ಎರಡು ದಿನ ಸುಮ್ಮನಿದ್ದು, “ತಮಾ, ನೀ ಓದಿದವ. ಒಂದು ಲೆಕ್ಕ ಮಾಡಿ ಕೊಡು” ಎಂದ. ನಾನು ಫುಲ್‌ಸ್ಕೇಪ್ ಹಾಳೆಯ ಎಡಕ್ಕೆ ಕಗ್ಗ, ಬಲಕ್ಕೆ ಸಿಗಡಿ ಬರೆದು ಕೂಡಿದೆ. ಬಲಬದಿಯ ಮೊತ್ತ ಎಡಬದಿಯ ಹಲವು ಪಟ್ಟು. ಪಂಪಿಗೆ ಸವಕಳಿ ಕಳೆದಿದ್ದೆ. ನೆಲಕ್ಕೆ ಕಳೆದಿರಲಿಲ್ಲ. ನೆಲಕ್ಕೆ ಸವಕಳಿ ಇಲ್ಲ ಎಂದೇ ನಮಗೆ ಪಾಠ. ಸಿ.ಎ. ಪರೀಕ್ಷೆಯಲ್ಲೂ ಅದೇ ಉತ್ತರ ಬರೆದೆ, ಅಂಕವೂ ಬಂತು.

ಗದ್ದೆಯನ್ನು ಅಗೆದು ಕೊಳ ಮಾಡಿದರು. ಮೊದಲ ಬೆಳೆಗೆ ಗುತ್ತಿಗೆ ಹಣ ಬಂತು, ಮನೆಗೆ ಹೊಸ ಹೆಂಚು ಬಂತು. ಮರುವರ್ಷ ಬಿಳಿ ಚುಕ್ಕೆ ರೋಗ ಬಿದ್ದು ಸಿಗಡಿಯೆಲ್ಲ ತೇಲಿದವು. ಗುತ್ತಿಗೆಯವರು ಪಂಪು ಕಿತ್ತುಕೊಂಡು ಹೋದರು. 1996ರ ಡಿಸೆಂಬರಿನಲ್ಲಿ, ಸಾಗುವಳಿ ಭೂಮಿಯನ್ನೂ ಉಪ್ಪಿನ ಆಗರವನ್ನೂ ಸಿಗಡಿ ಕೊಳ ಮಾಡಬಾರದೆಂದು ಸುಪ್ರೀಂ ಕೋರ್ಟು ಹೇಳಿತು. ಅಷ್ಟರಲ್ಲಿ ನಮ್ಮ ಗದ್ದೆಯ ಮೇಲ್ಮಣ್ಣು ಹೋಗಿತ್ತು. ವರ್ಷವಿಡೀ ಉಪ್ಪುನೀರು ನಿಂತ ಹೊಂಡದಲ್ಲಿ ಕಗ್ಗವೂ ಏಳಲಿಲ್ಲ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ.

ಇಲ್ಲಿಗೆ ಬಂದ ಮೇಲೂ ಉಪ್ಪು ನನ್ನ ಬೆನ್ನು ಬಿಡಲಿಲ್ಲ. ನಮ್ಮ ಲಿಸ್ಲ್‌ನ ಹೆಮ್ಮೆಯೆಂದರೆ 1,700 ಎಕರೆಯ ಮಾರ್ಟನ್ ಅರ್ಬೊರೇಟಂ, ಮರಗಳದ್ದೇ ಒಂದು ಲೋಕ. 1922ರಲ್ಲಿ ಅದನ್ನು ಕಟ್ಟಿದ ಜಾಯ್ ಮಾರ್ಟನ್ ಉಪ್ಪಿನ ವ್ಯಾಪಾರಿ. ಮಾರ್ಟನ್ ಸಾಲ್ಟ್ ಅವರದೇ. ಡೆಟ್ರಾಯ್ಟ್‌ನ ಗೆಳೆಯನ ಮನೆಗೆ ಹೋದರೆ, ಆ ನಗರದ ಅಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ. ಸಮುದ್ರದಿಂದ ದೂರದ ಈ ಸೀಮೆಯಲ್ಲಿ ಗಳಗಂಡ ರೋಗ ಹೆಚ್ಚಿತ್ತೆಂದು, 1924ರಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಅಮೆರಿಕದಲ್ಲಿ ಮೊದಲು ಮಾರಾಟವಾದದ್ದೂ ಮಿಷಿಗನ್‌ನಲ್ಲೇ. ಉಪ್ಪಿನ ಹಣದಿಂದ ಬೆಳೆದ ಕಾಡಿನಲ್ಲಿ ಭಾನುವಾರ ನಡೆಯುವಾಗ, ಉಪ್ಪಿಗೆ ಬಲಿಯಾದ ನಮ್ಮ ಎರಡು ಎಕರೆ ಕಣ್ಣಮುಂದೆ ಬರುತ್ತದೆ.

ಅಪ್ಪ ತೀರಿಕೊಂಡ ಮೇಲೆ ಕಾಗದಪತ್ರ ನೋಡಲು ಊರಿಗೆ ಹೋಗಿದ್ದೆ. ಕಂದಾಯದ ರಸೀದಿಗಳ ಜೊತೆ ನನ್ನ ಆ ಫುಲ್‌ಸ್ಕೇಪ್ ಹಾಳೆ ಮಡಚಿಟ್ಟಿತ್ತು. ಎಡಬದಿಯ ಮೊತ್ತದ ಕೆಳಗೆ ಅಪ್ಪನ ಅಕ್ಷರದಲ್ಲಿ ಒಂದು ಸಾಲು: “ಮೀನು, ಮನೆಗೆ. ಹುಲ್ಲು, ದನಕ್ಕೆ. ಬೀಜ, ಮುಂದಿನ ವರ್ಷಕ್ಕೆ.” ಮೂರನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನು ಅದನ್ನು ಬರೆದದ್ದು ಗುತ್ತಿಗೆಗೆ ಮೊದಲೋ, ಆಮೇಲೋ? ಕೇಳಲು ಅವನಿಲ್ಲ.

ಈಗ ತಮ್ಮ ಫೋನು ಮಾಡುತ್ತಾನೆ. ಆ ಹೊಂಡವನ್ನು ತುಂಬಿಸಿ ಪ್ರವಾಸಿಗರಿಗೆ ಕೋಣೆ ಕಟ್ಟಲು ಗಿರಾಕಿ ಬಂದಿದ್ದಾರಂತೆ, ನನ್ನ ಸಹಿ ಬೇಕಂತೆ. ಬೆಲೆ ಒಳ್ಳೆಯದೇ. “ನೀನೇ ಲೆಕ್ಕ ಮಾಡಿ ಹೇಳು ಅಣ್ಣ” ಎನ್ನುತ್ತಾನೆ. ಊರಿನಲ್ಲಿದ್ದು ಆಯಿಯನ್ನು ನೋಡಿಕೊಳ್ಳುವವ ಅವನು. ದುಡ್ಡಿನ ಅಗತ್ಯವೂ ಅವನಿಗೇ ಹೆಚ್ಚು. ಬೇಡವೆನ್ನಲು ನನಗೆ ಯಾವ ಹಕ್ಕು? ಆದರೂ ಮಾಣಿಕಟ್ಟೆಯ ರೈತರು ಇಂದಿಗೂ ಕಗ್ಗ ಬಿತ್ತುತ್ತಾರೆ. ಅವರ ಬಳಿ ಬೀಜ ಕೇಳಿ, ಒಂದು ಮಳೆಗಾಲ ಒಂದು ಮೂಲೆಯಲ್ಲಾದರೂ ಹಾಕಿ ನೋಡೋಣ, ಆ ವರ್ಷದ ಖರ್ಚು ನನ್ನದು, ಸಹಿ ಆಮೇಲೆ ಎಂದಿದ್ದೇನೆ. ತಮ್ಮ ಇನ್ನೂ ಒಪ್ಪಿಲ್ಲ.

ಆಯಿ ವಾಪಸು ಹೋಗುವಾಗ ಸಾಣಿಕಟ್ಟೆಯ ಹರಳುಪ್ಪಿನ ಪೊಟ್ಟಣವೊಂದನ್ನು ಅಡುಗೆಮನೆಯಲ್ಲಿ ಬಿಟ್ಟುಹೋದಳು. ಮಾವಿನ ಮಿಡಿಗೆ ಅದೇ ಆಗಬೇಕಂತೆ. ಜೂನ್‌ನಲ್ಲಿ ಊರಿಗೆ ಟಿಕೆಟ್ ತೆಗೆಸಿದ್ದೇನೆ. ಬಿತ್ತನೆಯ ಹೊತ್ತಿಗೆ ಅಲ್ಲಿರಬೇಕು.