ಸಂಜೆಯಾದರೆ ಸೋಲುವ ರೆಪ್ಪೆ

ಬೆಳಿಗ್ಗೆ ಎದ್ದಾಗ ನಾನು ಸರಿಯಾಗಿಯೇ ಇರುತ್ತಿದ್ದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು, ತಿಂಡಿ ಮಾಡಿ, ಮಕ್ಕಳ ಡಬ್ಬಿ ಕಟ್ಟುವವರೆಗೂ ಯಾವ ತೊಂದರೆಯೂ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಡಗಣ್ಣಿನ ರೆಪ್ಪೆ ತಾನಾಗಿ ಕೆಳಗಿಳಿಯುತ್ತಿತ್ತು. ದೇವರ ಮುಂದಿನ ಒಂದು ದೀಪ ಎರಡಾಗಿ ಕಾಣುತ್ತಿತ್ತು. ರಾತ್ರಿ ಅರ್ಧ ಚಪಾತಿ ಅಗಿಯುವಷ್ಟರಲ್ಲಿ ದವಡೆ ಸೋಲುತ್ತಿತ್ತು. ತಲೆ ಬಾಚಲು ಎತ್ತಿದ ಕೈ ಜಡೆ ಮುಗಿಯುವ ಮುಂಚೆಯೇ ಇಳಿಯುತ್ತಿತ್ತು.

"ಬೆಳಿಗ್ಗೆ ಚೆನ್ನಾಗಿರ್ತೀಯ, ಸಂಜೆ ಕೆಲಸದ ಹೊತ್ತಿಗೆ ಮಾತ್ರ ಸುಸ್ತು ಅಂತೀಯಲ್ಲೇ" ಎಂದು ಅತ್ತೆ ಅಂದದ್ದು ಮನಸ್ಸಿಗೆ ನಾಟಿತು. ಅವರದೇನು ತಪ್ಪು? ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಇನ್ನೊಬ್ಬರು "ಏನೂ ಇಲ್ಲ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಹೀಗೇ ಒಂದು ವರ್ಷ ಕಳೆಯಿತು.

ಕೊನೆಗೆ ನಮ್ಮವರು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ರಬ್ಬರ್ ಗ್ಲೌಸಿನಲ್ಲಿ ಐಸ್ ತುಂಬಿ ನನ್ನ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು! ರಕ್ತಪರೀಕ್ಷೆಯಲ್ಲೂ ಅದೇ ಖಚಿತವಾಯಿತು. ಕಾಯಿಲೆಯ ಹೆಸರು ಮಯಸ್ತೀನಿಯಾ ಗ್ರೇವಿಸ್.

"ನಿಮ್ಮ ಸ್ನಾಯು ಸೋಮಾರಿ ಅಲ್ಲಮ್ಮಾ, ನರ ಕಳಿಸಿದ ಸುದ್ದಿ ಅದಕ್ಕೆ ಮುಟ್ಟುತ್ತಿಲ್ಲ" ಎಂದು ಡಾಕ್ಟರು ಬಿಡಿಸಿ ಹೇಳಿದರು. ನರಕ್ಕೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆಯಂತೆ. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊರಟು, ಸ್ನಾಯುವಿನ ಮೇಲಿರುವ ಗ್ರಾಹಕಗಳಲ್ಲಿ ಕೂರುತ್ತದೆ. ಗ್ರಾಹಕ ಬೀಗವಾದರೆ ಇದು ಕೀಲಿಕೈ. ಬೀಗ ತೆರೆದರೇ ಸ್ನಾಯು ಕೆಲಸ ಮಾಡುವುದು. ನನ್ನ ದೇಹದ ಕಾವಲು ಪಡೆಯೇ ತಪ್ಪು ತಿಳಿದು ಈ ಬೀಗಗಳನ್ನು ಹಾಳು ಮಾಡುತ್ತಿತ್ತು. ಬೆಳಿಗ್ಗೆ ಉಳಿದಷ್ಟು ಬೀಗಗಳಲ್ಲೇ ಕೆಲಸ ಸಾಗುತ್ತದೆ. ಸ್ನಾಯುವಿಗೆ ಕೆಲಸ ಕೊಟ್ಟಷ್ಟೂ ನರದಿಂದ ಬರುವ ಕೀಲಿಕೈಗಳೂ ಕಡಿಮೆಯಾಗಿ, ರೆಪ್ಪೆ ಬೀಳುತ್ತದೆ.

ಈ ಬೀಗಗಳಿಗೆ ನಿಕೋಟಿನಿಕ್ ಗ್ರಾಹಕ ಎಂದು ಹೆಸರು. ಹೊಗೆಸೊಪ್ಪಿನ ನಿಕೋಟಿನ್ ಕೂಡ ಈ ಜಾತಿಯ ಬೀಗಕ್ಕೆ ಹೊಂದುತ್ತದೆ, ಅದಕ್ಕೇ ಆ ಹೆಸರು. ಮಿದುಳಿನಲ್ಲೂ ಇದೇ ವಂಶದ ಗ್ರಾಹಕಗಳಿವೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಬಿಡಲಾಗದೆ ಅತ್ತೆ ಒದ್ದಾಡುವುದಕ್ಕೆ ಅವೇ ಕಾರಣ! ಆದರೆ ಅವುಗಳ ಕಟ್ಟೋಣ ಬೇರೆ. ಹಾಗಾಗಿ ನನ್ನ ಕಾಯಿಲೆ ಬುದ್ಧಿ, ನೆನಪುಗಳನ್ನು ಮುಟ್ಟುವುದಿಲ್ಲ. ನಾಗರಹಾವಿನ ವಿಷವೂ ಸ್ನಾಯುವಿನ ಈ ಬೀಗಗಳಲ್ಲೇ ಹೋಗಿ ಕೂರುತ್ತದಂತೆ. ಹಾವು ಕಚ್ಚಿದವರ ರೆಪ್ಪೆ ಜೋಲುವುದು ಅದಕ್ಕೇ.

1934ರಲ್ಲಿ ಇಂಗ್ಲೆಂಡಿನಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಈ ಕಾಯಿಲೆ ಕ್ಯುರಾರೆ ಎಂಬ ಬಾಣದ ವಿಷ ಏರಿದ ಹಾಗೇ ಇದೆಯಲ್ಲ ಎಂದು ಯೋಚಿಸಿ, ಅದರ ಪ್ರತಿಮದ್ದನ್ನೇ ರೋಗಿಗೆ ಚುಚ್ಚಿ ಗುಣ ಕಂಡರು. ನಾನು ನುಂಗುವ ಪಿರಿಡೋಸ್ಟಿಗ್ಮೀನ್ ಮಾತ್ರೆ ಅದೇ ಬಳಗದ್ದು. ಅದು ಅಸಿಟೈಲ್‌ಕೋಲೀನ್ ಬೇಗ ನಾಶವಾಗದಂತೆ ತಡೆಯುತ್ತದೆ. 1973ರಲ್ಲಿ ಅಮೆರಿಕದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬ ವಿಜ್ಞಾನಿಗಳು ವಿದ್ಯುತ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ, ಮೊಲಗಳಿಗೂ ಇಂಥದೇ ನಿತ್ರಾಣ ಬಂತು. ದೇಹವೇ ತನ್ನ ಗ್ರಾಹಕಗಳ ಮೇಲೆ ಬೀಳುತ್ತದೆ ಎಂಬುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು.

ಈಗ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ತೆಗೆದುಕೊಂಡರೆ ಚಪಾತಿ ಅಗಿಯಬಲ್ಲೆ. ಕಷ್ಟದ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಮಲಗುತ್ತೇನೆ. ಕೆಲವು ಆ್ಯಂಟಿಬಯಾಟಿಕ್ ಮಾತ್ರೆಗಳು ಈ ಕಾಯಿಲೆ ಹೆಚ್ಚಿಸುವುದರಿಂದ, ಜ್ವರಕ್ಕೆ ಹೋದರೂ ಡಾಕ್ಟರಿಗೆ ಮೊದಲು ಇದನ್ನೇ ಹೇಳುತ್ತೇನೆ.

ಸೋದರಿಯರೇ, ರೆಪ್ಪೆ ಬೀಳುವುದು, ಎರಡೆರಡು ಕಾಣುವುದು, ದುಡಿದಷ್ಟೂ ಹೆಚ್ಚಾಗಿ ವಿಶ್ರಾಂತಿಯಿಂದ ಕಡಿಮೆಯಾಗುವ ನಿತ್ರಾಣ, ಇವು ನಿಮ್ಮಲ್ಲಿ ಕಂಡರೆ ಸುಮ್ಮನಿರಬೇಡಿ. ನುಂಗಲು, ಉಸಿರಾಡಲು ಕಷ್ಟವಾದರಂತೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಮೊನ್ನೆ ಸಂಜೆ ಅತ್ತೆ ನನ್ನ ಮುಖ ನೋಡಿ ಲಟ್ಟಣಿಗೆ ಕಸಿದುಕೊಂಡರು. "ನೀ ಕೂತ್ಕೋ, ನಾ ಲಟ್ಟಿಸ್ತೀನಿ" ಎಂದರು. ನಾನು ಕೂತೆ.