ಯಾರ ಮಗು ಅದು?

ಹರಿಹರ ತಾಲ್ಲೂಕಿನ ನಂದಿಗುಡಿಗೆ ನಾವು ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇವೆ. ಅದು ಅತ್ತಿಗೆಯ ತವರು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆ ಅಣ್ಣನ ಎದೆ ಹಿಡಿದ ಮೇಲೆ ಡಾಕ್ಟರು ಆ ಕೆಲಸ ಬಿಡಿಸಿದರು. ಅಂದಿನಿಂದ ಅಣ್ಣ ನಂದಿಗುಡಿಯಲ್ಲೇ ಎರಡು ಎಮ್ಮೆ, ಒಂದು ಹಸು ಕಟ್ಟಿಕೊಂಡು ಹಾಲು ಹಾಕಿ ಬದುಕುತ್ತಿದ್ದಾರೆ. ಮಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ಬಕ್ರೀದ್ ಮುಗಿಸಿ ಹೋದಾಗ ಅವನು ರಜೆಯ ಮೇಲೆ ಮನೆಯಲ್ಲಿದ್ದ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಮುಂದೆ ಕೂತು ಯಾವುದೋ ಆಟದಲ್ಲಿ ಮುಳುಗಿದ್ದ.

‘ಇಷ್ಟು ಹಳೇ ಆಟ ಯಾಕೋ?’ ಎಂದೆವು.

‘ಈ ಕಂಪ್ಯೂಟರಿಗೆ ಹೊಸದು ಓಡಲ್ಲ ಚಾಚಾ. ಆದ್ರೆ ಇದರಲ್ಲಿ ಕಥೆ ಇದೆ, ನೀವು ಕೂತ್ಕೊಳ್ಳಿ’ ಎಂದ. ಕಥೆ ಬರೆಯುವವರನ್ನು ಕೂರಿಸಲು ಅಷ್ಟು ಮಾತು ಸಾಕು.

ಆಟದ ಹೆಸರು ‘ಫಾಲ್‌ಔಟ್ 3’. ಅಮೆರಿಕದ ಬೆಥೆಸ್ಡಾ ಕಂಪನಿ 2008ರಲ್ಲಿ ಹೊರತಂದದ್ದು. ಅದರ ಕಥೆಯಲ್ಲಿ 2077ರಲ್ಲಿ ಅಣುಯುದ್ಧವಾಗಿ ಜಗತ್ತು ಸುಟ್ಟುಹೋಗಿದೆ. 200 ವರ್ಷಗಳ ನಂತರ ನೆಲಮಾಳಿಗೆಯೊಂದರಿಂದ ಹೊರಬಂದ ಒಬ್ಬ ಮನುಷ್ಯ ವಾಷಿಂಗ್ಟನ್ನಿನ ಪಾಳುಗಳಲ್ಲಿ ಅಲೆಯುತ್ತಾನೆ. ಆ ಮನುಷ್ಯ ಯಾರಿಗೆ ನೆರವಾಗಬೇಕು, ಯಾರನ್ನು ಕೊಲ್ಲಬೇಕು ಎಂಬುದನ್ನು ಆಡುವವರೇ ತೀರ್ಮಾನಿಸಬೇಕು.

ಈ ಆಟಕ್ಕೂ ನಮ್ಮ ದೇಶಕ್ಕೂ ಒಂದು ಹಳೆಯ ತಕರಾರಿದೆ. ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ಮಾಡಿದ ಈ ಆಟವನ್ನು ಭಾರತಕ್ಕೆ ತರುವುದಿಲ್ಲ ಎಂದು 2008ರ ಅಕ್ಟೋಬರಿನಲ್ಲಿ ಹೇಳಿತು. ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆಗಳ ಕಾರಣ ಎಂದಿತೇ ಹೊರತು ಯಾವ ಸೂಕ್ಷ್ಮತೆ ಎಂದು ಬಿಡಿಸಿ ಹೇಳಲಿಲ್ಲ. ಆಟದಲ್ಲಿ ವಿಕಿರಣದಿಂದ ಎರಡು ತಲೆ ಮೂಡಿದ ದನಗಳಿವೆ, ಅವಕ್ಕೆ ‘ಬ್ರಾಹ್ಮಿನ್’ ಎಂದು ಹೆಸರು. ಅದೇ ಕಾರಣವಿರಬೇಕು ಎಂದು ಬಹಳ ಜನ ಊಹಿಸಿದರು.

ನಂದಿಯ ಹೆಸರು ಹೊತ್ತ ಊರಿನಲ್ಲಿ, ಒಬ್ಬ ಸಾಬರ ಮನೆಯಲ್ಲಿ, ಆ ದನ ತೆರೆಯ ಮೇಲೆ ಮೂಟೆ ಹೊತ್ತು ನಡೆದುಬಂತು. ಆ ಹೊತ್ತಿಗೇ ಹಾಲಿಗೆ ಬಂದ ಹಿಂದಿನ ಮನೆಯ ಗೌಡರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಮಗೆ ಒಂದು ಕ್ಷಣ ಎದೆ ಝಲ್ಲೆಂದಿತು. ಇಂಥದ್ದಕ್ಕೆಲ್ಲ ಝಲ್ಲೆನ್ನುವುದನ್ನು ಕಾಲ ನಮಗೆ ಕಲಿಸಿದೆ. ಗೌಡರು ಕನ್ನಡಕ ಸರಿಮಾಡಿಕೊಂಡು, ‘ಎರಡು ತಲಿ ಐತಲ್ಲೋ ಹುಡುಗಾ! ಒಂದು ಬಾಯಿಗೇ ಹಿಂಡಿ ಹಾಕಿ ಸಾಕಾಗೇತಿ, ಇದಕ್ಕೆ ಮೇವು ಯಾರು ತರಬೇಕು?’ ಎಂದರು. ಚೊಂಬು ತುಂಬಿಸಿಕೊಂಡು ಹೋದರು. ಅಲ್ಲಿಗೆ ಸೂಕ್ಷ್ಮತೆ ಮುಗಿಯಿತು.

ಇಂಥ ಆಟಗಳು ಬಂದ ಮೇಲೆ ಅವುಗಳಿಗೆ ಉಪಕಥೆಗಳನ್ನು ಸೇರಿಸಿ ಬೇರೆಯಾಗಿ ಮಾರುತ್ತಾರೆ. ಎಕ್ಸ್‌ಪಾನ್ಷನ್ ಎನ್ನುತ್ತಾರಂತೆ. ಈ ಆಟಕ್ಕೆ 2009ರಲ್ಲಿ ಅಂಥ ಐದು ಬಂದವು. ಹುಡುಗ ಆಡುತ್ತಿದ್ದದ್ದು ಎರಡನೆಯದು, ‘ದಿ ಪಿಟ್’. ಅದು ಪಿಟ್ಸ್‌ಬರ್ಗ್ ಊರಿನ ಕಥೆ. ಉಕ್ಕಿನಿಂದ ಹೆಸರಾಗಿದ್ದ ಆ ನಿಜವಾದ ಊರಿನ ಸುತ್ತಮುತ್ತ 1980ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಸಾವಿರಾರು ಜನ ಬೀದಿಗೆ ಬಿದ್ದರು. ಬಾಂಬೇನೂ ಬೀಳಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳ ಮೇಲೂ ಬಾಂಬು ಬೀಳಲಿಲ್ಲ. ಒಂದು ದಿನ ಸೈರನ್ನು ಕೂಗಲಿಲ್ಲ, ಅಷ್ಟೇ. ಅಬ್ಬಾ ಬುತ್ತಿ ಹಿಡಿದು ಹೋದವರು ಬುತ್ತಿ ಬಿಚ್ಚದೆ ವಾಪಸು ಬಂದರು.

ರಾತ್ರಿ ಹುಡುಗ ನಿದ್ದೆ ಬಂತೆಂದು ಅಲ್ಲೇ ಚಾಪೆಯ ಮೇಲೆ ಉರುಳಿದ. ಕೀಲಿಮಣೆ ನಮ್ಮ ಕೈಗೆ ಬಂತು. ಓದುಗರು ನಗಬಹುದು, ತಲೆ ನರೆತವರಿಗೆ ಇದೇನು ಹುಚ್ಚು ಎಂದು. ಬಾಗಿಲಿಗೆ ಹೋಗಿ ಗೋಡೆಗೆ ಡಿಕ್ಕಿ ಹೊಡೆಯುತ್ತ ನಾವು ಆಡಿದೆವು.

ಆ ಊರಿನಲ್ಲಿ ಉಕ್ಕಿನ ಕುಲುಮೆ ಮತ್ತೆ ಹೊತ್ತಿಕೊಂಡಿದೆ. ದುಡಿಯುವವರು ಗುಲಾಮರು. ಊರಿನ ಗಾಳಿ ನೀರಿನಿಂದಲೇ ಒಂದು ರೋಗ ಹುಟ್ಟಿ ಮನುಷ್ಯರನ್ನು ಮೃಗಗಳನ್ನಾಗಿ ಮಾಡುತ್ತಿದೆ. ತಪ್ಪಿಸಿಕೊಂಡು ಬಂದ ವೆರ್ನರ್ ಎಂಬ ಗುಲಾಮ ನಮ್ಮ ನೆರವು ಕೇಳುತ್ತಾನೆ. ಗುಲಾಮರ ಬಟ್ಟೆ ತೊಟ್ಟು ಒಳಗೆ ಹೋಗಬೇಕು. ಮೊದಲ ಕೆಲಸ, ಪಾಳು ಅಂಗಳದಿಂದ ಉಕ್ಕಿನ 10 ಗಟ್ಟಿಗಳನ್ನು ಹುಡುಕಿ ತರುವುದು. ಅಲ್ಲಿ ಒಟ್ಟು 100 ಇವೆ. ಹೆಚ್ಚು ತಂದಷ್ಟೂ ಇನಾಮು.

ಆ ಹೊಗೆಯಲ್ಲಿ ಗಟ್ಟಿ ಆರಿಸುತ್ತ ನಮಗೆ ಭಟ್ಟಿ ನೆನಪಾಯಿತು. ದಾವಣಗೆರೆಯ ಮಂಡಕ್ಕಿ, ಮೆಣಸಿನಕಾಯಿ ತಿಂದು ಹೊಗಳದವರಿಲ್ಲ. ಅದಕ್ಕೆ ಭತ್ತ ನೆನೆಸಬೇಕು, ಹುರಿಯಬೇಕು, ಒಣಗಿಸಿ ಅಕ್ಕಿ ಮಾಡಿಸಬೇಕು. ಆಮೇಲೆ ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಅರಳಿಸಬೇಕು. ಕೆಲಸ ಶುರುವಾಗುವುದು ನಸುಕಿಗೂ ಮೊದಲು. ಒಲೆಗೆ ಭತ್ತದ ಹೊಟ್ಟು, ಅಗ್ಗಕ್ಕೆ ಸಿಕ್ಕರೆ ಹಳೆಯ ಟೈರು. ಭಟ್ಟಿ ಕೆಲಸದವರಲ್ಲಿ ಬಹುಪಾಲು ನಮ್ಮವರೇ. ಗಿರಣಿ ನಿಂತ ವರ್ಷ ಅಣ್ಣನಿಗೆ ಹನ್ನೊಂದು. ನಾವು ಉರ್ದು ಶಾಲೆಯಲ್ಲಿ ಮೂರನೇ ಕ್ಲಾಸು. ಮನೆಯಲ್ಲಿ ಏಳು ಬಾಯಿ. ಒಂದು ದಿನ ಅಣ್ಣ ಶಾಲೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಆಟದಲ್ಲಿ ಕೊನೆಗೆ ಊರಿನ ಒಡೆಯ ಅಶುರನ ಮನೆಗೆ ಬಂದೆವು. ರೋಗಕ್ಕೆ ಮದ್ದು ಅಲ್ಲೇ ಇದೆ, ಕದ್ದು ತಾ ಎಂದಿದ್ದ ವೆರ್ನರ್. ಹೋಗಿ ನೋಡಿದರೆ ಮದ್ದು ಸೀಸೆಯಲ್ಲಿಲ್ಲ, ತೊಟ್ಟಿಲಿನಲ್ಲಿದೆ. ಅಶುರನ ಹಸುಗೂಸು ಮೇರಿ. ಆ ರೋಗ ತಟ್ಟದ ಮಗು ಅದೊಂದೇ. ಹೆತ್ತ ತಾಯಿಯೇ ಅದರಿಂದ ಮದ್ದು ಹುಡುಕುತ್ತಿದ್ದಾಳೆ. ಮದ್ದು ಸಿಕ್ಕ ದಿನ ಗುಲಾಮರನ್ನು ಬಿಡುತ್ತೇನೆ ಎನ್ನುತ್ತಾನೆ ಅಶುರ್. ಮಗುವನ್ನು ಒಯ್ದರೆ ಗುಲಾಮರು ಗೆಲ್ಲುತ್ತಾರೆ, ಬಿಟ್ಟರೆ ಸರಪಳಿ ಉಳಿಯುತ್ತದೆ. ಕಥೆ ಮುಗಿಯಲು ಇವೆರಡೇ ದಾರಿ.

ನಾವು ಗುಲಾಮರ ಕಡೆಯವರೇ. ಆದರೂ ತೊಟ್ಟಿಲ ಮುಂದೆ ಬೆರಳು ಏಳಲಿಲ್ಲ. ಎಲ್ಲರೂ ಬದುಕಬೇಕೆಂದರೆ ಒಂದು ಮಗು ಹೋಗಬೇಕು ಎಂಬ ಲೆಕ್ಕ ನಮಗೆ ಹೊಸದಲ್ಲ. ಆಟದಲ್ಲಿ ಆ ಲೆಕ್ಕ ಹಾಕಲು ಹೊರಗಿನವನೊಬ್ಬ ಬರುತ್ತಾನೆ. ನಮ್ಮ ಕೇರಿಗಳಲ್ಲಿ ಅದನ್ನು ಅಪ್ಪ ಅಮ್ಮನೇ ಹಾಕುತ್ತಾರೆ, ಅದೂ ಕಣ್ಣೀರು ಹಾಕುತ್ತಲೇ. ಮಗು ಅಲ್ಲಾಹನ ಅಮಾನತ್ತು ಎಂದು ಜುಮ್ಮಾದ ಬಯಾನಿನಲ್ಲಿ ಕೇಳಿಬಂದವರು ಮರುದಿನ ಮೂರು ಗಂಟೆಗೆ ಅದೇ ಮಗುವನ್ನು ಎಬ್ಬಿಸುತ್ತಾರೆ. ಅವರನ್ನು ದೂರುವುದು ಸುಲಭ. ಗಿರಣಿ ನಿಂತಾಗ ಅವರ ಮುಂದೆ ಮೂರನೆಯ ದಾರಿಯನ್ನು ಯಾರೂ ಇಡಲಿಲ್ಲ.

1986ರ ಬಾಲಕಾರ್ಮಿಕ ಕಾಯ್ದೆ ಪಟ್ಟಿಯಲ್ಲಿದ್ದ ಕೆಲವೇ ಕೆಲಸಗಳನ್ನು ನಿಷೇಧಿಸಿತ್ತು. ಈ ಉಪಕಥೆ ಬಂದ 2009ರಲ್ಲೇ ಶಿಕ್ಷಣ ಹಕ್ಕು ಕಾಯ್ದೆಯೂ ಆಯಿತು. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನೆಲ್ಲ ನಿಷೇಧಿಸಿತಾದರೂ, ಅಪಾಯವಿಲ್ಲದ ಮನೆಯ ಕಸುಬಿಗೆ ಶಾಲೆಯ ನಂತರ ನೆರವಾಗಬಹುದು ಎಂದು ಒಂದು ಕಿಂಡಿ ಬಿಟ್ಟಿತು. ಕಷ್ಟ ಬಂದ ಮನೆಯಲ್ಲಿ ಇಂಥ ಕಿಂಡಿ ಬಾಗಿಲಾಗಲು ಎಷ್ಟು ಹೊತ್ತು?

ಮೂರು ಗಂಟೆಗೆ ಒಳಮನೆಯಿಂದ ಕೆಮ್ಮು ಕೇಳಿಸಿತು. ಭಟ್ಟಿ ಬಿಟ್ಟು ವರ್ಷಗಳಾದರೂ ಅಣ್ಣನಿಗೆ ಎಚ್ಚರವಾಗುವುದು ಆ ಹೊತ್ತಿಗೇ.

‘ಇನ್ನೂ ಮಲಗಿಲ್ವೇನೋ?’ ಎನ್ನುತ್ತ ಬಂದವರು ತೆರೆ ನೋಡಿದರು. ‘ಯಾರ ಮಗು ಅದು?’

ಹೇಳಿದೆವು. ನಿಂತೇ ಕೇಳಿದರು. ಇಷ್ಟು ವರ್ಷ ಕೇಳದ ಮಾತನ್ನು ಆಗ ಕೇಳಿಬಿಟ್ಟೆವು. ‘ಭಾಯಿಜಾನ್, ಭಟ್ಟಿಗೆ ಹಾಕೋವಾಗ ನಿಮ್ಮನ್ನ ಒಂದು ಮಾತು ಕೇಳಿದ್ರಾ?’

‘ಕೇಳೋದೇನು? ಅಬ್ಬಾ ಎಬ್ಬಿಸಿದ್ರು, ಎದ್ದೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನೀನು ಪಕ್ಕದಲ್ಲೇ ಮಲಗಿದ್ದಿ. ಅವನನ್ನ ಎಬ್ಬಿಸಬೇಡಿ ಅಂತ ಅಮ್ಮಿ ಅಂದ್ರು’ ಎಂದರು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತೇನೋ.

ನಾವು ಕಥೆ ಬರೆದೆವು, ಹೆಸರು ಬಂತು, ಸನ್ಮಾನದ ಶಾಲುಗಳೂ ಬಂದವು. ಯಾರ ಲೆಕ್ಕದಲ್ಲಿ ಎಂದು ಬರೆದಿರಲಿಲ್ಲ.

ಮಗುವನ್ನು ಎತ್ತಿಕೊಳ್ಳಲೂ ಇಲ್ಲ, ಬಿಟ್ಟು ಬರಲೂ ಇಲ್ಲ, ಕಂಪ್ಯೂಟರು ಆರಿಸಿದೆವು. ಫಜರ್‌ಗೆ ಇನ್ನೂ ಹೊತ್ತಿತ್ತು. ಅಣ್ಣ ಬಕೆಟ್ಟು ಹುಡುಕುತ್ತಿದ್ದರು. ‘ಇವನನ್ನ ಎಬ್ಬಿಸಲಾ?’ ಎಂದು ಹುಡುಗನ ಕಡೆ ತೋರಿಸಿದೆವು.

‘ಬೇಡ, ಮಲಗ್ಲಿ’ ಎಂದು ಅಣ್ಣ ಅವನ ಕಾಲಮೇಲೆ ಚಾದರ ಎಳೆದರು. ನಾವು ಬಕೆಟ್ಟು ತೆಗೆದುಕೊಂಡು ಅವರ ಹಿಂದೆ ಕೊಟ್ಟಿಗೆಗೆ ಹೋದೆವು.