ಫಟಫಟಿಯ ಪಾಠಾಂತರ

ಹಳೆಯ ವಸ್ತುವನ್ನು ಉಳಿಸಿಕೊಳ್ಳುವವರಲ್ಲಿ ಎರಡು ಪಂಗಡಗಳುಂಟು. ಅದು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಇರಬೇಕೆನ್ನುವವರು ಕೆಲವರು. ಇಂದಿನ ನಮ್ಮ ಉಪಯೋಗಕ್ಕೂ ಕಣ್ಣಿಗೂ ಒಗ್ಗುವಂತೆ ತಿದ್ದಿಕೊಳ್ಳಬೇಕೆನ್ನುವವರು ಇನ್ನು ಕೆಲವರು. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನಾನು ಸಹಜವಾಗಿಯೇ ಮೊದಲನೆಯ ಪಂಗಡಕ್ಕೆ ಸೇರಿದವನು. ಓಲೆಗರಿಯಲ್ಲಿಲ್ಲದ ಅಕ್ಷರವೊಂದನ್ನು ಸಂಪಾದಕನು ತನ್ನ ಬುದ್ಧಿಯಿಂದ ಸೇರಿಸಿದರೆ ಅದನ್ನು ಕಂಸದಲ್ಲಿಟ್ಟು ತೋರಿಸಬೇಕೆಂದು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಈ ನಿಷ್ಠೆಯನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡುವ ಪ್ರಸಂಗ ಬಂದದ್ದು ನಮ್ಮೂರು ಅಮ್ಮಿನಬಾವಿಯಲ್ಲಿ, ಒಂದು ಫಟಫಟಿಯ ದೆಸೆಯಿಂದ.

ಅಮ್ಮಿನಬಾವಿಯೆಂದರೆ ಧಾರವಾಡದಿಂದ ಸವದತ್ತಿಯ ದಾರಿ ಹಿಡಿದು ಹೊರಟರೆ ಹತ್ತು ಹನ್ನೆರಡು ಕಿಲೋಮೀಟರಿಗೆ ಸಿಗುವ ಊರು. ಹಳೆಯ ಬಸದಿ, ಶಾಸನದ ಕಲ್ಲು, ಎರೆಯ ಹೊಲ. ಹುಬ್ಬಳ್ಳಿ-ಧಾರವಾಡದವರು ಕುಡಿಯುವ ಮಲಪ್ರಭೆಯ ನೀರು ಶುದ್ಧವಾಗುವುದೂ ಇಲ್ಲಿಯೇ; ನೀರು ತಡವಾದ ದಿನ ಅವಳಿ ನಗರದಲ್ಲಿ ನಮ್ಮೂರ ಹೆಸರು ಸ್ವಲ್ಪ ಹೆಚ್ಚಾಗಿಯೇ ಕೇಳಿಬರುತ್ತದೆ. ಈ ಊರಿನಲ್ಲಿ ನಮ್ಮ ಕಾಕಾ ಮಾಸ್ತರಿಕೆ ಮಾಡುತ್ತ 1978ರಲ್ಲಿ ಒಂದು ಯೆಜ್ಡಿಯನ್ನು ಕೊಂಡರು. ಅವರು ತೀರಿಕೊಂಡ ಮೇಲೆ ಅದು ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಕಣಿಕೆಯ ಸೂಡಿನ ಮರೆಗೆ ನಿಂತಿತ್ತು. ಟಾಕಿಯ ಮೇಲೆ ಕೋಳಿ ಕೂರುತ್ತಿತ್ತು.

ಯೆಜ್ಡಿಯ ಕುಲಗೋತ್ರ ಹೇಳದೆ ಮುಂದುವರಿಯುವುದು ಸರಿಯಲ್ಲ. ಪ್ರಾಗ್ ಪಟ್ಟಣದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮಾದರಿಯನ್ನು ಕೊಂಡು ಗಾಡಿ ಕಟ್ಟತೊಡಗಿದ. ಇಬ್ಬರ ಹೆಸರಿನ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ಒಡೆಯರಾದ ಇರಾನಿ ಮನೆತನದವರ ಮೂಲ ಊರು ಯಜ್ದ್, ಅದರಿಂದ ಈ ಹೆಸರು ಎನ್ನುತ್ತಾರೆ. ಚೆಕ್ ಭಾಷೆಯಲ್ಲಿ ‘ಯೆಜ್ಡೀ’ ಎಂದರೆ ‘ಗಾಡಿಯಲ್ಲಿ ಹೋಗುತ್ತಾನೆ’ ಎಂದೇ ಅರ್ಥ! ನಿರುಕ್ತಿಕಾರರಿಗೆ ಇಂಥ ಹಬ್ಬ ದಿನಾಲು ಸಿಗುವುದಿಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಇನ್ನೊಂದು ಕಂಪನಿ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮರಳಿ ತಂದಿತಾದರೂ, ಎರಡು ಕೊಳವೆಗಳಿಂದ ನೀಲಿ ಹೊಗೆ ಬಿಡುತ್ತ ಊರೆಲ್ಲ ಎಚ್ಚರಾಗುವಂತೆ ಕೂಗುವ ಆ ಟೂ-ಸ್ಟ್ರೋಕ್ ಪ್ರಾಣಿ ತಿರುಗಿ ಬರಲಿಲ್ಲ.

ಕಾಕಾನ ಮೊಮ್ಮಗ ಐ.ಟಿ.ಐ. ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದ. ಒಂದು ದಿನ ಗಾಡಿಯನ್ನು ಅಂಗಳಕ್ಕೆ ಎಳೆದು ನಿಲ್ಲಿಸಿ, “ದೊಡ್ಡಪ್ಪಾ, ಹಿಂಗ ಬಿಟ್ರ ಇದು ಗುಜರಿಯವನ ತಕ್ಕಡಿಗೆ ಹೋಗತೈತಿ. ನಾ ಇದನ್ನ ಕೆಫೆ ರೇಸರ್ ಮಾಡ್ತೀನಿ” ಎಂದ. ಈ ಕೆಲಸದಿಂದ ಧಾರವಾಡದಲ್ಲಿ ಹೊಟ್ಟೆ ತುಂಬುತ್ತದೆ, ತೋರಿಸಲಿಕ್ಕೆ ಮೊದಲು ಒಂದು ಗಾಡಿ ಬೇಕು, ಅದು ಅಜ್ಜನ ಗಾಡಿಯೇ ಆಗಲಿ ಎಂಬುದು ಅವನ ಎಣಿಕೆ.

ಕೆಫೆ ಎಂದರೆ ಚಹಾದಂಗಡಿ. ಅದಕ್ಕೂ ಫಟಫಟಿಗೂ ಏನು ಸಂಬಂಧ? ಲಂಡನ್ನಿನ ಹೊರವರ್ತುಲ ರಸ್ತೆಯ ಬದಿಗೆ ಏಸ್ ಕೆಫೆ ಎಂಬುದೊಂದಿದೆ. 1938ರಲ್ಲಿ ಆರಂಭವಾಗಿ, ಯುದ್ಧದಲ್ಲಿ ಬಾಂಬು ಬಿದ್ದು ನೆಲಸಮವಾಗಿ, 1949ರಲ್ಲಿ ಮತ್ತೆ ಎದ್ದು, 1969ರಲ್ಲಿ ಮುಚ್ಚಿ, 2001ರಲ್ಲಿ ಪುನಃ ತೆರೆಯಿತು. ಐವತ್ತು ಅರವತ್ತರ ದಶಕಗಳಲ್ಲಿ ಅಲ್ಲಿ ಸೇರುತ್ತಿದ್ದ ತರುಣರಿಗೆ ತಾಸಿಗೆ ನೂರು ಮೈಲು ಮುಟ್ಟುವುದೇ ಪುರುಷಾರ್ಥ. ಪೆಟ್ಟಿಗೆಯಲ್ಲಿ ಹಾಡು ಹಚ್ಚಿ, ಅದು ಮುಗಿಯುವುದರೊಳಗೆ ಒಂದು ಗುರುತಿನವರೆಗೆ ಹೋಗಿ ಬರುತ್ತಿದ್ದರೆಂಬ ಕಥೆಯೂ ಉಂಟು. ವೇಗಕ್ಕಾಗಿ ಗಾಡಿಯಿಂದ ಬೇಡಾದದ್ದನ್ನೆಲ್ಲ ಕಳಚಿದರು, ಹಿಡಿಕೆಯನ್ನು ತಗ್ಗಿಸಿದರು, ಕಾಲೂರುವ ಗೂಟವನ್ನು ಹಿಂದಕ್ಕೆ ಸರಿಸಿದರು, ಹಿಂದೆ ಗೂನು ಬಿಟ್ಟ ಒಂಟಿ ಸೀಟನ್ನು ಕೂರಿಸಿದರು. ನಾರ್ಟನ್ನಿನ ಚೌಕಟ್ಟಿನೊಳಗೆ ಟ್ರಯಂಫಿನ ಎಂಜಿನ್ನಿಟ್ಟು ‘ಟ್ರೈಟನ್’ ಎಂದು ಹೆಸರಿಟ್ಟರು. ನಮ್ಮ ವ್ಯಾಕರಣದಲ್ಲಿ ಇಂಥದಕ್ಕೆ ಅರಿಸಮಾಸವೆನ್ನುತ್ತಾರೆ.

ಸವದತ್ತಿಯ ರಸ್ತೆಯಲ್ಲಿ ನೂರು ಮೈಲಿನ ವೇಗ! ಹುಣ್ಣಿಮೆ ಬಂತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು. ಅಲ್ಲಿ ಒಂಟಿ ಸೀಟಿನ ರೇಸಿನ ಕುದುರೆಗೇನು ಕೆಲಸ? ನಾನು ವಾದಕ್ಕೆ ನಿಂತೆ. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನಂತೆ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸಕೂಡದು. ಅದಲ್ಲದೆ 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ‘ವಿಂಟೇಜ್’ ಎಂಬ ಮನ್ನಣೆಯುಂಟು. ನಮ್ಮದು 2028ಕ್ಕೆ ಅದಕ್ಕೆ ಅರ್ಹವಾಗುತ್ತದೆ. ಈಗ ಚೌಕಟ್ಟನ್ನು ಕೊಯ್ದರೆ ಆ ಮಾನ ಹೋಯಿತು. ಹುಡುಗ ಶಾಂತನಾಗಿ, “ವಿಂಟೇಜ್ ಅಂತ ಬರಿಸಿದ ಗಾಡಿ ದಿನಾ ಓಡಸಾಕ ಬರೂದಿಲ್ಲ ದೊಡ್ಡಪ್ಪಾ. ಅಜ್ಜ ದಿನಾ ಓಡಸ್ತಿದ್ದ” ಎಂದ. ಅದೂ ನಿಯಮದಲ್ಲಿರುವ ಮಾತೇ.

ರಾತ್ರಿ ಮಲಗಿದಾಗ ಅನಿಸಿತು: ರೂಪಾಂತರವೆಂದ ಮಾತ್ರಕ್ಕೆ ನಾನು ಹೌಹಾರಬೇಕೆ? ಬಿ.ಎಂ.ಶ್ರೀ. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಮಾಡಿದ್ದನ್ನು ನಾನೇ ಮೆಚ್ಚಿ ಪಾಠ ಹೇಳುತ್ತೇನೆ. ಆದರೆ ಒಂದು ಭೇದವುಂಟು. ‘ಅಶ್ವತ್ಥಾಮನ್’ ಬರೆದುದರಿಂದ ಗ್ರೀಕ್ ನಾಟಕಕ್ಕೆ ಒಂದಕ್ಷರದ ಲುಕ್ಸಾನೂ ಆಗಲಿಲ್ಲ; ಅದು ಇದ್ದಲ್ಲಿಯೇ ಇದೆ. ಗಾಡಿಗೆ ಹಾಗಲ್ಲ. ಮೂಲಪ್ರತಿಯ ಮೇಲೆಯೇ ರೂಪಾಂತರ ಬರೆಯಬೇಕು. ಗರಗಸ ಆಡಿದ ಮೇಲೆ ಹಿಂದಿನ ಪಾಠ ಯಾವ ಭಂಡಾರದಲ್ಲಿಯೂ ಸಿಗದು. ಬೆಳಿಗ್ಗೆ ಇದನ್ನೇ ಹೇಳಿದೆ. ಅವನಿಗೆ ಏಜಾಕ್ಸ್ ತಿಳಿಯದಿದ್ದರೂ ಗರಗಸದ ಮಾತು ತಿಳಿಯಿತು. “ಆತು, ನಟ್ಟು ಬೋಲ್ಟಿನಿಂದ ಆಗೋದಷ್ಟ ಮಾಡ್ತೀನಿ. ಕೊಯ್ಯಂಗಿಲ್ಲ, ಬೆಸಿಯಂಗಿಲ್ಲ” ಎಂದು ಒಪ್ಪಿದ.

ಧಾರವಾಡದಲ್ಲಿ ಯೆಜ್ಡಿಯ ನಾಡಿ ಬಲ್ಲ ಮುದುಕ ಮಿಸ್ತ್ರಿಯೊಬ್ಬರಿದ್ದಾರೆ. ಅವರು ಬಂದು ಮೊದಲು ನೋಡಿದ್ದು ಟಾಕಿಯನ್ನಲ್ಲ, ಎಂಜಿನ್ನಿನ ಎರಡೂ ಮಗ್ಗುಲ ಆಯಿಲ್ ಸೀಲುಗಳನ್ನು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಕ್ರ್ಯಾಂಕಿನ ಗೂಡಿನ ಮೂಲಕವೇ ಸಿಲಿಂಡರಿಗೆ ಏರಬೇಕು. ನಿಂತ ಗಾಡಿಯಲ್ಲಿ ಸೀಲಿನ ರಬ್ಬರು ಒಣಗಿ ಬಿರಿಯುತ್ತದೆ. ಅಲ್ಲಿಂದ ಹೆಚ್ಚಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನಲ್ಲಿ ಕಲಸಿದ ಎಣ್ಣೆಯೂ ಸಾಲದಾಗಿ ಪಿಸ್ಟನ್ನು ಕಾದು ಕಚ್ಚಿಕೊಳ್ಳುತ್ತದೆ. “ಸರ್ರ, ಇದು ಗಾಡಿ ಉಸಿರಾಡೋ ಜಾಗಾ. ಬಣ್ಣಾ ಆಮ್ಯಾಲೆ” ಎಂದರು. ಗ್ರಂಥಸಂಪಾದನೆಯ ಬಗ್ಗೆ ನಾನು ಓದಿದ ಎಷ್ಟೋ ಮಾತುಗಳಿಗಿಂತ ಇದು ಚಿಕ್ಕದು. ಕಚ್ಚಿದ್ದ ಪಿಸ್ಟನ್ನಿಗೆ ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ನಾಲ್ಕು ದಿನ ಬಿಟ್ಟರು. ಸಿಲಿಂಡರನ್ನು ಬೋರ್ ಮಾಡಿಸಿ ಒಂದಳತೆ ದೊಡ್ಡ ಪಿಸ್ಟನ್ ಹಾಕಿದರು. ಟಾಕಿಯಲ್ಲಿ ಜಲ್ಲಿಯ ಚೂರು ಹಾಕಿ ಕುಲುಕಿದಾಗ ಉದುರಿದ ತುಕ್ಕು ಒಂದು ಪರಾತ ತುಂಬಿತು.

ಕಾಲಿನ ಗೂಟವನ್ನು ಹಿಂದಕ್ಕೆ ಸರಿಸುವ ಆಸೆಯನ್ನು ಮಾತ್ರ ಗಾಡಿಯೇ ಮುರಿಯಿತು. ಯೆಜ್ಡಿಯಲ್ಲಿ ಗೇರು ಬದಲಿಸುವ ಸನ್ನೆಯೂ ಒದ್ದು ಚಾಲೂ ಮಾಡುವ ಸನ್ನೆಯೂ ಒಂದೇ. ಕಾಲು ಹಿಂದಕ್ಕೆ ಹೋದರೆ ಅದಕ್ಕೆ ನಿಲುಕುವುದಿಲ್ಲ. ಮೈಸೂರಿನವರೂ ಪ್ರಾಗಿನವರೂ ಸೇರಿ ನನ್ನ ಪಂಗಡದ ಪರವಾಗಿ ಹಾಕಿದ ಒಂದು ಮತವೆಂದು ಅದನ್ನು ಭಾವಿಸಿದೆ.

ಉಳಿದದ್ದು ಸೀಟು. ಆ ಸೀಟಿನ ಹಿಂಭಾಗದಲ್ಲಿ ಒಂದೇ ಮಗ್ಗುಲಾಗಿ ಕುಳಿತು, ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಚಿಗವ್ವ ಇಪ್ಪತ್ತು ವರ್ಷ ಧಾರವಾಡದ ಸಂತೆ, ದವಾಖಾನೆ, ಮದುವೆ ಮುಂಜಿ ನೋಡಿ ಬಂದವಳು. ಅದನ್ನು ತೆಗೆದು ಒಂಟಿ ಸೀಟು ಹಾಕುವ ಮಾತನ್ನು ಅವಳ ಮುಂದೆ ಹೇಗೆ ಎತ್ತುವುದು? ಕಣ್ಣೀರನ್ನು ನಿರೀಕ್ಷಿಸಿಯೇ ನಾನು ಮೆಲ್ಲಗೆ ಪೀಠಿಕೆ ಹಾಕಿದೆ. ಚಿಗವ್ವ ಸಜ್ಜಿ ಹಸನು ಮಾಡುತ್ತಿದ್ದಳು, ಮೊರ ನಿಲ್ಲಿಸಲಿಲ್ಲ.

“ಆ ಸೀಟಿನ ಸುಖಾ ನಿನಗೇನು ಗೊತ್ತೋ ತಮ್ಮಾ! ತಗ್ಗು ಬಂದಾಗೊಮ್ಮೆ ಬೆನ್ನಹುರಿ ನೆತ್ತಿಗೆ ಬರ್ತಿತ್ತು. ನಿಮ್ಮ ಕಾಕಾಗ ಹಿಂದ ಒಬ್ಬಾಕಿ ಕುಂತಾಳನ್ನೂದು ಊರ ಮುಟ್ಟಿದ ಮ್ಯಾಲ ನೆಪ್ಪಾಗತಿತ್ತು. ತಗೀಲಿ ಬಿಡು. ಹುಡುಗನ ಕೈಗೆ ಕೆಲಸ ಹತ್ತಿದ್ರ ಸಾಕು.”

ಈಗ ಗಾಡಿ ಓಡುತ್ತಿದೆ. ತಗ್ಗಿದ ಹಿಡಿಕೆ, ಗೂನು ಬೆನ್ನಿನ ಸೀಟು, ಕಾಕಾನ ಕಾಲದ ಅದೇ ಕೆಂಪು ಟಾಕಿ. ಕಳಚಿದ ಭಾಗಗಳನ್ನೆಲ್ಲ ಗ್ರೀಸು ಸವರಿ ಗೋಣಿಚೀಲದಲ್ಲಿ ಕಟ್ಟಿ, ಚೀಟಿ ಬರೆದು ಅಟ್ಟದ ಮೇಲಿಟ್ಟಿದ್ದೇನೆ. ಅಡಿಟಿಪ್ಪಣಿಯ ಅಭ್ಯಾಸ ಎಲ್ಲಿ ಬಿಟ್ಟೀತು? ಹುಡುಗನ ಅಂಗಳದಲ್ಲಿ ಮತ್ತೊಬ್ಬರ ಯೆಜ್ಡಿ ಬಂದು ನಿಂತಿದೆ. ಮೊನ್ನೆ ಬನದ ಹುಣ್ಣಿಮೆ ಹತ್ತಿರ ಬಂದಾಗ ಅವನು, “ಆಯಿ, ನಾಕ ಬೋಲ್ಟಿನ ಕೆಲಸ. ಹಳೀ ಸೀಟು ಹಾಕ್ತೀನಿ, ಗುಡ್ಡಕ್ಕ ಇದರ ಮ್ಯಾಲ ಹೋಗೂಣು ಬಾ” ಎಂದು ಕರೆದ.

“ಯಾಕಪಾ,” ಎಂದಳು ಚಿಗವ್ವ, “ಬಸ್ಸಿನಾಗ ಹೆಂಗಸರಿಗೆ ಪುಕ್ಕಟೆ ಐತಿ.”